ಗಾರೆ ಮೆತ್ತದ ಮನೆಯೊಳಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯಸ್ಸು ಅಧಿಕೃತವಾಗಿ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು; ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದೇ ಆಗಬೇಕು. ಹೀಗಾಗಿ ಕೀಬೋರ್ಡ್ ಸರಿಯಿರುವ, ಪರದೆ ಸರಿಯಿರುವ, ಗುಂಡಿ ಒತ್ತಿದರೆ ಎದ್ದು ಕೂರುವ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿ ಬೀರುವಿನ ತಲೆಯ ಮೇಲೆ, ಹಳೆಯ ಮದುವೆ ಆಲ್ಬಂಗಳ ಪಕ್ಕ ಸೇರಿಕೊಂಡಿವೆ. ಗುಜರಿಗೆ ಹಾಕಲು ಮನಸ್ಸು ಬಾರದು, ಇಟ್ಟುಕೊಂಡು ಮಾಡುವುದೇನು ತಿಳಿಯದು.

ತಿಳಿದವರನ್ನು ಕೇಳಿದರೆ ‘ಲಿನಕ್ಸ್ ಹಾಕಿ’ ಅನ್ನುತ್ತಾರೆ. ಒಳ್ಳೆಯ ಸಲಹೆಯೇ. ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ, ಅರ್ಜಿ ಬರೆಯುವುದು, ಇವಕ್ಕೆಲ್ಲ ಉಬುಂಟುವೋ ಮಿಂಟೋ ಧಾರಾಳವಾಗಿ ಸಾಕು. ಆದರೆ ಮನೆಯ ಕೆಲಸಕ್ಕೆ ಬೇರೆ ಕಂಪ್ಯೂಟರ್ ಇದ್ದು, ಇದು ಸುಮ್ಮನೆ ಬಿದ್ದಿದ್ದರೆ ಅದಕ್ಕೆ ಇನ್ನೊಂದು ಉಪಯೋಗವಿದೆ. ಯಾವ ಅಂಗಡಿಯವರೂ ಹೇಳದ ಉಪಯೋಗ. ಇನ್ನೂ ಕಟ್ಟಿ ಮುಗಿಯದ, ಪ್ರಯೋಗದ ಹಂತದಲ್ಲೇ ಇರುವ ಮುಕ್ತ ಆಪರೇಟಿಂಗ್ ಸಿಸ್ಟಂ ಒಂದನ್ನು ಅದರಲ್ಲಿ ಕೂರಿಸಿ ನೋಡುವುದು. ಉದಾಹರಣೆಗೆ, ಹೈಕು.

ಹೈಕುವಿನ ಜಾತಕ ಸ್ವಾರಸ್ಯವಾಗಿದೆ. ಆ್ಯಪಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಫ್ರಾನ್ಸಿನ ಜಾನ್ ಲೂಯಿ ಗಸ್ಸೆ ಅಲ್ಲಿಂದ ಹೊರಬಿದ್ದು 1990ರಲ್ಲಿ ‘ಬೀ’ ಎಂಬ ಕಂಪನಿ ಕಟ್ಟಿದರು. ಮನೆಯ ಕಂಪ್ಯೂಟರಿಗೆ ಒಂದು ಪ್ರೊಸೆಸರ್ ಇದ್ದರೆ ಹೆಚ್ಚು ಅನ್ನುವ ಕಾಲದಲ್ಲಿ, 1995ರಲ್ಲಿ, ಎರಡು ಪ್ರೊಸೆಸರ್‌ಗಳ ಬೀಬಾಕ್ಸ್ ಬಂತು. ಅದರ ಮುಖದ ಎರಡೂ ಬದಿಗೆ ಸಣ್ಣ ದೀಪಗಳ ಸಾಲು. ಯಾವ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ದೀಪಗಳು ಏರಿಳಿದು ತೋರಿಸುತ್ತಿದ್ದವು. ಅದರೊಳಗಿದ್ದ ಬೀಓಎಸ್ ಏಕಕಾಲಕ್ಕೆ ಹಲವು ವಿಡಿಯೊಗಳನ್ನು ಮುಗ್ಗರಿಸದೆ ಓಡಿಸಿ ಜನರನ್ನು ಬೆರಗುಗೊಳಿಸಿತು. 1996ರಲ್ಲಿ ಆ್ಯಪಲ್ ತನ್ನದೇ ಹೊಸ ಆಪರೇಟಿಂಗ್ ಸಿಸ್ಟಂ ಕಟ್ಟಲಾರದೆ ಹೊರಗಿನಿಂದ ಕೊಳ್ಳಲು ಹೊರಟಾಗ ಬೀ ಬಾಗಿಲಿಗೂ ಬಂತು. ಬೆಲೆ ಕುದುರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ 40 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಆ್ಯಪಲ್ ಕೊಂಡದ್ದು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು. ಇಂದಿನ ಮ್ಯಾಕ್ ಮತ್ತು ಐಫೋನ್ ಎರಡರ ಪಾಯವೂ ಆ ನೆಕ್ಸ್ಟ್‌ನಿಂದ ಬಂದದ್ದು.

ಬೀ ಪಾಲಿಗೆ ಉಳಿದದ್ದು ಇಳಿಜಾರು. 2001ರಲ್ಲಿ ಪಾಮ್ ಕಂಪನಿ ಅದರ ತಂತ್ರಜ್ಞಾನವನ್ನು 1.1 ಕೋಟಿ ಡಾಲರಿಗೆ ಎತ್ತಿಕೊಂಡಿತು. ಮೈಕ್ರೋಸಾಫ್ಟ್ ಮೇಲೆ ಬೀ ಹೂಡಿದ್ದ ದಾವೆ 2003ರಲ್ಲಿ ರಾಜಿಯಾದಾಗ ಬಂದದ್ದು 2.3 ಕೋಟಿ ಡಾಲರಿಗೂ ಮೇಲೆ. ಮೈಕ್ರೋಸಾಫ್ಟ್ ತಪ್ಪನ್ನೇನೂ ಒಪ್ಪಿಕೊಳ್ಳಲಿಲ್ಲ. ಅಂಗಡಿ ಮಾರಿದಾಗ ಸಿಕ್ಕಿದ್ದಕ್ಕಿಂತ ಅಂಗಡಿ ಮುಚ್ಚಿದ ಮೇಲೆ ದಾವೆಯಿಂದ ಸಿಕ್ಕಿದ್ದೇ ಎರಡು ಪಟ್ಟು! ಆ ದಾವೆಯ ತಿರುಳು ಏನೆಂದರೆ, ಕಂಪ್ಯೂಟರ್ ಮಾಡುವ ಕಂಪನಿಗಳು ವಿಂಡೋಸ್ ಜೊತೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿ, ಆನ್ ಮಾಡಿದಾಗ ‘ಯಾವುದು ಬೇಕು’ ಎಂದು ಕೇಳುವ ಪರದೆ ಕೊಡದಂತೆ ಮೈಕ್ರೋಸಾಫ್ಟ್ ತನ್ನ ಲೈಸೆನ್ಸಿನ ಕರಾರುಗಳಿಂದ ತಡೆಯಿತು ಎಂಬ ಆರೋಪ. ಜಪಾನಿನ ಹಿಟಾಚಿ ಒಂದು ಮಾದರಿಯಲ್ಲಿ ಬೀಓಎಸ್ ಹಾಕಿಯೇ ಮಾರಿತ್ತು. ಆದರೆ ಆನ್ ಮಾಡಿದರೆ ಏಳುತ್ತಿದ್ದದ್ದು ವಿಂಡೋಸ್ ಮಾತ್ರ. ಡಿಸ್ಕಿನಲ್ಲಿದ್ದ ಇನ್ನೊಂದನ್ನು ಎಬ್ಬಿಸುವ ಕಷ್ಟ ಕೊಂಡವರದೇ.

ಬೀ ಮುಳುಗುತ್ತಿದ್ದಾಗಲೇ, 2001ರ ಆಗಸ್ಟ್‌ನಲ್ಲಿ, ಅದರ ಅಭಿಮಾನಿಗಳು ಓಪನ್‌ಬೀಓಎಸ್ ಎಂಬ ಹೆಸರಿಟ್ಟುಕೊಂಡು ಇಡೀ ವ್ಯವಸ್ಥೆಯನ್ನು ಹೊಸದಾಗಿ ಬರೆಯಲು ಕುಳಿತರು. ಮೂಲದ ಸೋರ್ಸ್ ಕೋಡ್ ಅವರ ಕೈಲಿರಲಿಲ್ಲ. ಫೈಲುಗಳನ್ನು ತೋರಿಸುವ ಟ್ರ್ಯಾಕರ್ ಮತ್ತು ಪರದೆಯ ಮೂಲೆಯ ಡೆಸ್ಕ್‌ಬಾರ್ ಇವೆರಡನ್ನು ಮಾತ್ರ ಬೀ ಮುಕ್ತವಾಗಿ ಬಿಟ್ಟುಕೊಟ್ಟಿತ್ತು. ಮಿಕ್ಕದ್ದೆಲ್ಲ ಬೀಓಎಸ್ ಹೇಗೆ ನಡೆದುಕೊಳ್ಳುತ್ತದೆ ಎಂದು ಹೊರಗಿನಿಂದ ನೋಡಿ, ಹಾಗೆಯೇ ನಡೆದುಕೊಳ್ಳುವಂತೆ ಬರೆಯಬೇಕಿತ್ತು. 2004ರಲ್ಲಿ ಹೆಸರು ಹೈಕು ಎಂದಾಯಿತು. ಬೀಓಎಸ್‌ನ ಬ್ರೌಸರ್ ಪುಟ ಸಿಗದಿದ್ದಾಗ ತಪ್ಪಿನ ಸಂದೇಶವನ್ನು ಜಪಾನಿ ಹೈಕುವಿನ ಮೂರು ಸಾಲಿನಲ್ಲಿ ಕೊಡುತ್ತಿತ್ತು, ಆ ನೆನಪಿಗೆ. ದಿನಕರ ದೇಸಾಯಿಯವರ ಸೀಮೆಯಲ್ಲಿ ಹುಟ್ಟಿದ್ದರೆ ‘ಚುಟುಕ’ ಎಂಬ ಹೆಸರು ಬೀಳುತ್ತಿತ್ತೋ ಏನೋ.

ಮೊದಲ ಆಲ್ಫಾ ಆವೃತ್ತಿ ಬಂದದ್ದು 2009ರಲ್ಲಿ. ಮೊದಲ ಬೀಟಾ 2018ರಲ್ಲಿ. ಐದನೆಯ ಬೀಟಾ 2024ರ ಸೆಪ್ಟೆಂಬರ್‌ನಲ್ಲಿ. ಶುರುವಾಗಿ 23 ವರ್ಷವಾದರೂ ‘ಇದು ಮುಗಿದದ್ದು’ ಎಂದು ಮುದ್ರೆ ಒತ್ತಿದ ಆವೃತ್ತಿ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ದುಡಿಯುವವರ ಕೆಲಸ ಹೀಗೆಯೇ ಸಾಗುತ್ತದೆ. ಪೂರ್ತಿ ಹೊತ್ತು ಇದನ್ನೇ ಮಾಡಲೆಂದು ಒಬ್ಬ ಡೆವಲಪರ್‌ಗೆ ಸಂಬಳ ಕೊಡುವಷ್ಟು ದೇಣಿಗೆ ಕೂಡಿದ್ದೇ 2021ರಲ್ಲಿ.

ಇಂಥದ್ದನ್ನು ಹಾಕಿಕೊಳ್ಳುವುದು ಹೇಗೆ? ಇಮೇಜ್ ಫೈಲನ್ನು ಇಳಿಸಿಕೊಂಡು, ರೂಫಸ್ ಅಥವಾ ಎಚರ್‌ನಂಥ ಸಲಕರಣೆಯಿಂದ ಪೆನ್‌ಡ್ರೈವ್‌ಗೆ ಬರೆದರೆ ಅರ್ಧ ಕೆಲಸ ಆಯಿತು. ಮಿಕ್ಕರ್ಧ ಕಂಪ್ಯೂಟರಿನ ಜೊತೆ ಜಟಾಪಟಿ. ಆನ್ ಮಾಡಿದ ತಕ್ಷಣ ಎಫ್2, ಎಫ್12, ಡಿಲೀಟ್, ಎಸ್ಕೇಪ್ ಇವುಗಳಲ್ಲಿ ಯಾವುದೋ ಒಂದನ್ನು ಪಟಪಟನೆ ಒತ್ತುತ್ತಿರಬೇಕು. ಯಾವುದೆಂಬುದು ಒಂದೊಂದು ಕಂಪನಿಗೆ ಒಂದೊಂದು. ಒಳಹೊಕ್ಕರೆ ‘ಸೆಕ್ಯೂರ್ ಬೂಟ್’ ಎಂಬ ಕಾವಲುಗಾರ ನಿಂತಿರುತ್ತಾನೆ. ಅವನಿಗೆ ಪರಿಚಯವಿರುವ ಸಹಿ ಹೊತ್ತ ಆಪರೇಟಿಂಗ್ ಸಿಸ್ಟಂಗಳಿಗೆ ಮಾತ್ರ ಒಳಗೆ ಪ್ರವೇಶ. ಹೈಕುವಿಗೆ ಆ ಸಹಿಯಿಲ್ಲ, ಹಾಗಾಗಿ ಅವನನ್ನು ಸುಮ್ಮನಾಗಿಸಬೇಕು.

ಎಚ್ಚರ ತಪ್ಪಿದರೆ ಏಟು ಬೀಳುವುದು ಇಲ್ಲಿಯೇ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಮಾಲೀಕರಿಗೆ ತಿಳಿಯದೆಯೂ ಬಿದ್ದಿರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದ ಮರುಕ್ಷಣ ಅದು ಗಾಬರಿಬಿದ್ದು 48 ಅಂಕಿಗಳ ಕೀಲಿಸಂಖ್ಯೆ ಕೇಳಬಹುದು. ಅದನ್ನು ಬರೆದಿಟ್ಟುಕೊಳ್ಳದವರ ಪಾಲಿಗೆ ಹತ್ತು ವರ್ಷದ ಫೋಟೊಗಳು ಗಾಜಿನ ಆಚೆಗಿನ ಮಿಠಾಯಿ. ಆದ್ದರಿಂದ ಈ ಪ್ರಯೋಗಕ್ಕೆ ಮನೆಯ ಏಕೈಕ ಕಂಪ್ಯೂಟರನ್ನು ಬಲಿ ಕೊಡಬಾರದು. ಬೀರುವಿನ ಮೇಲಿನದೇ ಸರಿ. ಅದರಲ್ಲಿರುವುದನ್ನೂ ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.

ಪೆನ್‌ಡ್ರೈವ್‌ನಿಂದ ಹೈಕು ಎದ್ದಾಗ ಪರದೆಯಲ್ಲಿ ಚಿಕ್ಕ ಚಿತ್ರಗಳ ಒಂದು ಸಾಲು ಒಂದೊಂದಾಗಿ ಬೆಳಗುತ್ತ ಹೋಗುತ್ತದೆ. ಕೊನೆಯದು ರಾಕೆಟ್. ಅದು ಬೆಳಗಿತೆಂದರೆ ಗೆದ್ದಂತೆ. ಮಧ್ಯದ ಯಾವುದೋ ಚಿತ್ರದಲ್ಲಿ ನಿಂತುಬಿಟ್ಟರೆ ಯಾವ ಮೆಟ್ಟಿಲಲ್ಲಿ ಎಡವಿತು ಎಂಬ ಸುಳಿವಾದರೂ ಸಿಕ್ಕಂತೆ. ಮುಂದಿನ ಪರದೆ ಕೇಳುವುದು, ಸುಮ್ಮನೆ ನೋಡುತ್ತೀರೋ, ಕೂರಿಸುತ್ತೀರೋ ಎಂದು. ಕೂರಿಸುವುದಾದರೆ ಡಿಸ್ಕಿನಲ್ಲಿ ಖಾಲಿ ಜಾಗ ಮೊದಲೇ ಬಿಟ್ಟಿರಬೇಕು. ವಿಂಡೋಸ್‌ನ ಪಾಲನ್ನು ಕಿರಿದು ಮಾಡಿ ತನಗೆ ಜಾಗ ಮಾಡಿಕೊಳ್ಳುವ ಚಾಕಚಕ್ಯತೆ ಹೈಕುವಿನ ಸಲಕರಣೆಗಿಲ್ಲ. ಆ ಜಾಗಕ್ಕೆ ಬಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಹಾಕಿ, ಗುಂಡಿ ಒತ್ತಿದರೆ ಕಾಫಿ ಕುಡಿದು ಬರುವುದರೊಳಗೆ ನಕಲು ಮುಗಿದಿರುತ್ತದೆ.

ಮುಗಿಯಿತು ಅಂದುಕೊಂಡು ಮತ್ತೆ ಆನ್ ಮಾಡಿದರೆ ಈಚಿನ ಯಂತ್ರಗಳಲ್ಲಿ ಹೈಕು ಏಳುವುದಿಲ್ಲ. ಅದನ್ನು ಎಬ್ಬಿಸುವ ಬೂಟ್‌ಎಕ್ಸ್64 ಎಂಬ ಸಣ್ಣ ಫೈಲನ್ನು ಡಿಸ್ಕಿನ ಒಂದು ವಿಶೇಷ ಭಾಗದೊಳಗೆ, ಇಂಥದ್ದೇ ಹೆಸರಿನ ಫೋಲ್ಡರಿನಲ್ಲಿ, ಬಳಸುವವರು ತಮ್ಮ ಕೈಯಾರೆ ಇಡಬೇಕು. ಇದು ಕೊರತೆಯೇ, ಅನುಮಾನ ಬೇಡ. ಉಬುಂಟು ಆಗಿದ್ದರೆ ತಾನೇ ಮಾಡಿ ಮುಗಿಸುತ್ತಿತ್ತು. ಆದರೆ ಆ ಫೈಲನ್ನು ಕೈಯಾರೆ ಇಟ್ಟವರಿಗೆ ಒಂದು ವಿಷಯ ಮರೆಯದಂತೆ ತಿಳಿದುಬಿಡುತ್ತದೆ: ವರ್ಷಗಳಿಂದ ದಿನವೂ ಗುಂಡಿ ಒತ್ತಿದಾಗ ನಡೆಯುತ್ತಿದ್ದ ಆ ‘ಪವಾಡ’ದಲ್ಲಿ ಇರುವುದು ಇಷ್ಟೇ. ಒಂದು ಫೋಲ್ಡರ್, ಅದರಲ್ಲಿ ಒಂದು ಫೈಲ್, ಅದನ್ನು ಮೊದಲು ಓದು ಎಂದು ಯಂತ್ರಕ್ಕೆ ಹೇಳಿಟ್ಟಿರುವ ಒಂದು ಮಾತು. ಹಿಟಾಚಿಯ ಗಿರಾಕಿಗಳಿಗೂ ಬೀಓಎಸ್‌ಗೂ ನಡುವೆ ಅಡ್ಡ ನಿಂತದ್ದು ಹೆಚ್ಚುಕಡಿಮೆ ಇಷ್ಟೇ ಅಗಲದ ಬಾಗಿಲು.

ಹಳ್ಳಿಯಲ್ಲಿ, ಪೇಟೆಯ ಹೊಸ ಬಡಾವಣೆಗಳಲ್ಲಿ, ಮನೆ ಪೂರ್ತಿಯಾಗುವ ಮುಂಚೆಯೇ ಮುಹೂರ್ತ ನೋಡಿ ಗೃಹಪ್ರವೇಶ ಮಾಡಿ ಸೇರಿಕೊಳ್ಳುವವರಿದ್ದಾರೆ. ಗೋಡೆಗೆ ಗಾರೆ ಬಿದ್ದಿರುವುದಿಲ್ಲ. ವೈರು ಯಾವ ಮೂಲೆಯಿಂದ ಯಾವ ಮೂಲೆಗೆ ಹೋಗಿದೆ, ನೀರಿನ ಪೈಪು ಎಲ್ಲಿ ತಿರುಗಿದೆ ಎಂಬುದು ಮನೆಯ ಮಗುವಿಗೂ ಗೊತ್ತಿರುತ್ತದೆ. ಗಾರೆ ಮೆತ್ತಿ ಬಣ್ಣ ಹೊಡೆದ ಮನೆ ಕೊಂಡವರಿಗೆ ಪೈಪಿನ ದಾರಿ ತಿಳಿಯುವುದು ಗೋಡೆ ಒಸರಿದ ದಿನ. ವಿಂಡೋಸ್, ಮ್ಯಾಕ್, ಫೋನಿನ ಆಂಡ್ರಾಯ್ಡ್ ಎಲ್ಲವೂ ಬಣ್ಣ ಹೊಡೆದ ಮನೆಗಳು. ಈಚೆಗೆ ಲಿನಕ್ಸ್‌ನ ಜನಪ್ರಿಯ ರೂಪಗಳೂ ಅಷ್ಟೇ ನುಣುಪಾಗಿವೆ. ಪ್ರಯೋಗದ ಆಪರೇಟಿಂಗ್ ಸಿಸ್ಟಂನ ಬೆಲೆ ಇರುವುದು ಅದರ ಗಾರೆ ಬೀಳದ ಗೋಡೆಯಲ್ಲಿ.

ಹಾಗೆಂದು ಆ ಮನೆಯಲ್ಲಿ ವಾಸ ಹೂಡಿ ಎನ್ನುವುದು ಬೇರೆ ಮಾತು. ಇಂಥ ಯೋಜನೆಗಳ ಭಕ್ತರು ಎಡವುವುದೇ ಇಲ್ಲಿ. ‘ವಿಂಡೋಸ್‌ಗೆ ಪರ್ಯಾಯ ಬಂತು’ ಎಂದು ಅವರು ಡಂಗುರ ಸಾರುತ್ತಾರೆ, ನಂಬಿ ಹಾಕಿಕೊಂಡವರು ಮೂರನೇ ದಿನಕ್ಕೆ ಬೈದು ಬಿಸಾಡುತ್ತಾರೆ. ಹೈಕುವಿನ ಐದನೆಯ ಬೀಟಾದಲ್ಲೂ ಗ್ರಾಫಿಕ್ಸ್ ಚಿಪ್‌ನ ಶಕ್ತಿಯನ್ನು 3ಡಿ ಚಿತ್ರಗಳಿಗೆ ಬಳಸುವ ಸೌಕರ್ಯವಿಲ್ಲ. ವೈಫೈ ಡ್ರೈವರ್‌ಗಳಲ್ಲಿ ಹೆಚ್ಚಿನವು ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಿಂದ ತಂದವು. ಯಂತ್ರದ ಚಿಪ್ ಅವುಗಳಿಗೆ ಪರಿಚಿತವಾಗಿದ್ದರೆ ಪುಣ್ಯ, ಇಲ್ಲವಾದರೆ ಕೇಬಲ್ಲೇ ಗತಿ. ಎಲ್ಲಕ್ಕಿಂತ ಮುಖ್ಯವಾಗಿ ಇದು ಒಬ್ಬರೇ ಬಳಸುವ ವ್ಯವಸ್ಥೆ. ಕುಳಿತವರೇ ಸರ್ವಾಧಿಕಾರಿ, ಯಾವ ಪ್ರೋಗ್ರಾಂ ಯಾವ ಫೈಲನ್ನಾದರೂ ಮುಟ್ಟಬಹುದು. 1990ರ ದಶಕದಲ್ಲಿ ಅದು ನಡೆಯುತ್ತಿತ್ತು. ಇಂದು ಅದರಲ್ಲಿ ಕೂತು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವುದು ಬೀದಿಯಲ್ಲಿ ನಿಂತು ನೋಟು ಎಣಿಸಿದಂತೆ.

ಒಮ್ಮೊಮ್ಮೆ ಇಡೀ ಪರದೆಯೇ ಕಣ್ಮರೆಯಾಗಿ ಬರೀ ಅಕ್ಷರಗಳು ಉಳಿಯುತ್ತವೆ. ‘ಕರ್ನಲ್ ಡಿಬಗ್ಗಿಂಗ್ ಲ್ಯಾಂಡ್’ಗೆ ಸ್ವಾಗತ ಎಂಬ ಒಕ್ಕಣೆ ಬೇರೆ! ವಿಂಡೋಸ್ ಕುಸಿದರೆ ತೊಂದರೆಯಾಯಿತು ಎಂದಷ್ಟೇ ಹೇಳಿ ತಾನೇ ಮತ್ತೆ ಶುರುವಾಗುತ್ತದೆ. ಹೈಕುವಿನದು ಹಾಗಲ್ಲ. ಬಿದ್ದ ಜಾಗದಲ್ಲೇ ನಿಂತು, ಏನಾಯಿತೆಂದು ಕೇಳಿ, ಹೇಳುತ್ತೇನೆ ಎಂದು ಕರ್ಸರ್ ಮಿಟುಕಿಸುತ್ತದೆ. ಒಂದು ಆಜ್ಞೆ ಬರೆದರೆ ಬೀಳುವ ಮುನ್ನ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸರಪಳಿಯನ್ನೇ ಬಿಚ್ಚಿಡುತ್ತದೆ.

ಕೊರತೆಗಳ ನಡುವೆ ಕೆಲವು ಸಂಗತಿಗಳು ಇವತ್ತಿಗೂ ಹೊಸದಾಗಿ ಕಾಣುತ್ತವೆ. ಬಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಬೇಕಾದಷ್ಟು ಗುಣಗಳನ್ನು ಅಂಟಿಸಿಡಬಹುದು. ಬಂದ ಇಮೇಲ್ ಇಲ್ಲಿ ಒಂದು ಫೈಲ್. ಕಳಿಸಿದವರು, ವಿಷಯ, ದಿನಾಂಕ ಅದರ ಗುಣಗಳು. ಪರಿಚಯದವರ ವಿಳಾಸವೂ ತಲೆಗೊಂದು ಫೈಲ್. ‘ಈ ವಾರ ಬಂದ, ಇನ್ನೂ ಓದದ ಪತ್ರಗಳು’ ಎಂದು ಒಂದು ಹುಡುಕಾಟವನ್ನು ಉಳಿಸಿಟ್ಟರೆ ಅದೇ ಒಂದು ಫೋಲ್ಡರಿನಂತೆ ತೆರೆದುಕೊಳ್ಳುತ್ತದೆ. ಹೊಸ ಪತ್ರ ಬಂದ ಕೂಡಲೇ ಕಣ್ಣೆದುರೇ ಸೇರಿಕೊಳ್ಳುತ್ತದೆ. ಬಿಎಫ್‌ಎಸ್‌ನ ಮೂಲ ವಿನ್ಯಾಸಕರಲ್ಲೊಬ್ಬರಾದ ಡೊಮಿನಿಕ್ ಜಾಂಪಾಲೊ ಮುಂದೆ ಆ್ಯಪಲ್ ಸೇರಿ ಮ್ಯಾಕ್‌ನ ಸ್ಪಾಟ್‌ಲೈಟ್ ಹುಡುಕಾಟದ ಮೇಲೂ, ಇಂದು ಐಫೋನ್‌ಗಳಲ್ಲಿರುವ ಎಪಿಎಫ್‌ಎಸ್ ಮೇಲೂ ಕೆಲಸ ಮಾಡಿದರು. ಹೈಕುವಿನ ಅಪ್‌ಡೇಟ್ ಕ್ರಮವೂ ಅನುಕರಣೀಯ. ತಂತ್ರಾಂಶದ ಹಳೆಯ ಸ್ಥಿತಿಗಳನ್ನು ಅದು ಹಾಗೆಯೇ ಉಳಿಸಿಕೊಂಡಿರುತ್ತದೆ. ಹೊಸದು ಕೈಕೊಟ್ಟರೆ ಆರಂಭದ ಪಟ್ಟಿಯಲ್ಲಿ ಕಳೆದ ವಾರದ್ದನ್ನು ಆಯ್ದುಕೊಂಡು ಎದ್ದೇಳಬಹುದು.

ಅರೆಬರೆ ಕೆಲಸಗಳಿಂದ ಲೋಕಕ್ಕೆ ಏನು ಬಂತು ಎಂದು ಕೇಳುವವರಿಗೆ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕಥೆ ಹೇಳಬೇಕು. ಆಂಡ್ರೂ ಟಾನೆನ್‌ಬಾಮ್ 1987ರಲ್ಲಿ ವಿದ್ಯಾರ್ಥಿಗಳಿಗೆ ಕಲಿಸಲೆಂದೇ ಅದನ್ನು ಬರೆದರು. ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್ ಅದನ್ನು ತನ್ನ ಪಿಸಿಯಲ್ಲಿ ಹಾಕಿಕೊಂಡು, ಅದರ ಮೇಲೆ ಕೂತೇ 1991ರಲ್ಲಿ ಲಿನಕ್ಸ್ ಬರೆದ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ಆಗ ಅವನೇ ಹೇಳಿಕೊಂಡಿದ್ದ. ಅಲ್ಲಿಗೆ ಮುಗಿಯಲಿಲ್ಲ. ಇಂಟೆಲ್ ತನ್ನ ಚಿಪ್‌ಗಳೊಳಗೆ ಮಾಲೀಕರ ಕಣ್ಣಿಗೆ ಬೀಳದ ಒಂದು ನಿರ್ವಹಣಾ ಘಟಕವನ್ನು ಇಟ್ಟಿದ್ದು, 2015ರಿಂದೀಚಿನವುಗಳಲ್ಲಿ ಅದನ್ನು ಓಡಿಸುತ್ತಿರುವುದು ಮಿನಿಕ್ಸ್ 3 ಎಂದು 2017ರಲ್ಲಿ ಬಯಲಾಯಿತು. ತರಗತಿಗೆಂದು ಹುಟ್ಟಿದ್ದು ಕೋಟ್ಯಂತರ ಕಂಪ್ಯೂಟರ್‌ಗಳ ಹೊಟ್ಟೆಯೊಳಗೆ ಸದ್ದಿಲ್ಲದೆ ಓಡುತ್ತಿತ್ತು, ಬರೆದವರಿಗೇ ಸುದ್ದಿ ಇಲ್ಲದೆ. ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್ 2018ರಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಮುಗಿಸಿ ಬಂದು, ಖಾಲಿ ದಿನಗಳನ್ನು ತುಂಬಲು ಸೆರೆನಿಟಿ ಓಎಸ್ ಬರೆಯತೊಡಗಿದರು. ಅದಕ್ಕೆಂದು ಮಾಡಿದ ಬ್ರೌಸರ್ ಈಗ ಲೇಡಿಬರ್ಡ್ ಎಂಬ ಸ್ವತಂತ್ರ ಯೋಜನೆಯಾಗಿದೆ.

ಇನ್ನು ಇಲ್ಲಿನ ಮಾತು. ಕರ್ನಾಟಕದಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲರೂ ಆಪರೇಟಿಂಗ್ ಸಿಸ್ಟಂ ಎಂಬ ವಿಷಯ ದಾಟಿಯೇ ಬರಬೇಕು. ಮುಖಪುಟದಲ್ಲಿ ಡೈನೊಸಾರ್‌ಗಳಿರುವ ಸಿಲ್ಬರ್ಶಾಟ್ಸ್ ಮತ್ತು ಗ್ಯಾಲ್ವಿನ್ ಪುಸ್ತಕ ಅವರ ಕೈಯಲ್ಲಿರುತ್ತದೆ. ಲ್ಯಾಬ್‌ನಲ್ಲಿ ಬ್ಯಾಂಕರ್ಸ್ ಅಲ್ಗಾರಿದಂ, ಶೆಡ್ಯೂಲಿಂಗ್, ಪೇಜ್ ರಿಪ್ಲೇಸ್‌ಮೆಂಟ್‌ಗಳನ್ನು ಸಿ ಭಾಷೆಯಲ್ಲಿ ಬರೆದು ತೋರಿಸುತ್ತಾರೆ. ಇವೆಲ್ಲ ಅನುಕರಣೆಗಳು. ಮೂರು ಪ್ರೋಸೆಸ್‌ಗಳಿವೆ ಎಂದುಕೊಂಡು, ಅವುಗಳ ಸಮಯವನ್ನು ತಾವೇ ಟೈಪ್ ಮಾಡಿ, ಸರಾಸರಿ ಕಾಯುವಿಕೆ ಲೆಕ್ಕ ಹಾಕುವುದು. ಈಜುಕೊಳದ ನಕ್ಷೆಯ ಮೇಲೆ ಕೈ ಬೀಸಿದಂತೆ. ವಿಷಯದಲ್ಲಿ ತೊಂಬತ್ತು ಅಂಕ ಪಡೆದವರೂ ಒಂದು ಖಾಲಿ ಡಿಸ್ಕಿನಲ್ಲಿ ಪಾರ್ಟಿಶನ್ ಮಾಡಿ, ಬೂಟ್ ಫೈಲ್ ಇಟ್ಟು, ಯಂತ್ರವನ್ನು ಎಬ್ಬಿಸದೆಯೇ ಪದವಿ ಮುಗಿಸುವಂತಿದೆ ಈ ಏರ್ಪಾಡು.

ಬದಲಾಯಿಸಲು ಕೋಟಿ ರೂಪಾಯಿಯ ಲ್ಯಾಬ್ ಬೇಡ. ವಿಂಡೋಸ್ 11 ಓಡದ ಹಳೆಯ ಯಂತ್ರಗಳು ಕಾಲೇಜುಗಳಲ್ಲೇ ರಾಶಿ ಬೀಳಲಿವೆ. ಅವನ್ನು ಹರಾಜಿಗೆ ಹಾಕುವ ಬದಲು ನಾಲ್ವರು ವಿದ್ಯಾರ್ಥಿಗಳಿಗೆ ಒಂದರಂತೆ ಹಂಚಿ, ಇದನ್ನು ಕೆಡಿಸಿ, ಮತ್ತೆ ಏಳಿಸಿ ಎಂದರೆ ಆಯಿತು. ವರ್ಚುವಲ್ ಮಷೀನ್‌ನಲ್ಲೇ ಮಾಡಬಹುದಲ್ಲ ಎಂದು ಅಧ್ಯಾಪಕರು ಕೇಳಬಹುದು. ಮಾಡಬಹುದು, ಸುರಕ್ಷಿತವೂ ಹೌದು. ಆದರೆ ಅಲ್ಲಿ ವೈಫೈ ಚಿಪ್ ಮೊಂಡು ಹಿಡಿಯುವುದಿಲ್ಲ, ಸೆಕ್ಯೂರ್ ಬೂಟ್ ಅಡ್ಡ ನಿಲ್ಲುವುದಿಲ್ಲ. ಯಂತ್ರದ ಗೊಡವೆಯನ್ನೆಲ್ಲ ಯಾರೋ ಮೊದಲೇ ಒರೆಸಿ ಕೊಟ್ಟಿರುತ್ತಾರೆ. ಕಲಿಯಬೇಕಾದದ್ದು ಇರುವುದೇ ಆ ಗೊಡವೆಯಲ್ಲಿ.

ಕೆಲವು ವರ್ಷಕ್ಕೊಮ್ಮೆ ಸ್ವದೇಶಿ ಆಪರೇಟಿಂಗ್ ಸಿಸ್ಟಂನ ಘೋಷಣೆಯೂ ಆಗುತ್ತದೆ. 2007ರಲ್ಲಿ ಸಿ-ಡ್ಯಾಕ್‌ನ ಬಾಸ್, 2023ರಲ್ಲಿ ಐಐಟಿ ಮದ್ರಾಸ್ ಆವರಣದಿಂದ ಭಾರ್‌ಓಎಸ್. ಒಂದು ಡೆಬಿಯನ್ ಮೇಲೆ ನಿಂತದ್ದು, ಇನ್ನೊಂದು ಆಂಡ್ರಾಯ್ಡ್‌ನ ಮುಕ್ತ ಭಾಗದ ಮೇಲೆ. ಹಾಗೆ ಕಟ್ಟುವುದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುವುದು ಅದನ್ನೇ. ಪಾಯದಿಂದ ಕಟ್ಟುವ ಆಸೆ ನಿಜವೇ ಆಗಿದ್ದರೆ ಮಾತ್ರ ಪಾಯ ಅಗೆದು ನೋಡಿದ ಹುಡುಗ ಹುಡುಗಿಯರು ಸಾವಿರಗಟ್ಟಲೆ ಬೇಕು.

ಹೈಕುವಿನಲ್ಲಿ ಕನ್ನಡಿಗರಿಗೆಂದೇ ಕಾದಿರುವ ಒಂದು ಗೋಡೆಯೂ ಇದೆ. ಕನ್ನಡ ಫಾಂಟ್ ಹಾಕಿ, ಸ್ಟೈಲ್ಡ್‌ಎಡಿಟ್ ಎಂಬ ಬರಹದ ಸಲಕರಣೆಯಲ್ಲಿ ಕನ್ನಡದ ಫೈಲೊಂದನ್ನು ತೆರೆದರೆ ಅಕ್ಷರಗಳು ಬರುತ್ತವೆ, ಪದಗಳು ಬರುವುದಿಲ್ಲ. ‘ಕನ್ನಡ’ದ ಒತ್ತು ನ ಕೆಳಗಿಳಿಯದೆ ಸಾಲಿನಲ್ಲೇ ನಿಲ್ಲುತ್ತದೆ, ಗುಣಿತದ ಗುರುತುಗಳು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ತೂಗಾಡುತ್ತವೆ. ಕಾರಣ ಸರಳ. ಪರದೆಯ ಮೇಲೆ ಬರಹ ಚಿತ್ರಿಸುವ ಹೈಕುವಿನ ಭಾಗ ಇಂಗ್ಲಿಷಿನಂತೆ ಒಂದು ಸಂಕೇತಕ್ಕೆ ಒಂದು ಆಕಾರ ಎಂದುಕೊಂಡು ಎಡದಿಂದ ಬಲಕ್ಕೆ ಜೋಡಿಸುತ್ತ ಹೋಗುತ್ತದೆ. ಎರಡು ವ್ಯಂಜನ ಸೇರಿದರೆ ಮೂರನೆಯದೇ ರೂಪ ತಾಳುತ್ತದೆ ಎಂಬುದು ಅದಕ್ಕೆ ತಿಳಿಯದು. ಲಿನಕ್ಸ್‌ನಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಕನ್ನಡದ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದೂ ಅದರಿಂದಲೇ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳು ಡೆಬಿಯನ್‌ನ ಭಂಡಾರದಲ್ಲಿವೆ. ಬೇಕಾದ ಇಟ್ಟಿಗೆಗಳೆಲ್ಲ ಸಿದ್ಧವಿವೆ. ಹೈಕುವಿನ ಗೋಡೆಯಲ್ಲಿ ಅವು ಕೂತಿಲ್ಲ, ಅಷ್ಟೇ.

ಆ ಗೋಡೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಹೈಕುವಿನ ಸೋರ್ಸ್ ಕೋಡ್‌ನಲ್ಲಿ ಆ್ಯಪ್ ಸರ್ವರ್ ಎಂಬ ಭಾಗವಿದೆ, ಅದರೊಳಗೆ ಗ್ಲಿಫ್‌ಲೇಔಟ್‌ಎಂಜಿನ್ ಎಂಬ ಫೈಲ್. ಸಿ++ ಬಲ್ಲ ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಕೂತು ಅದನ್ನು ಮೊದಲಿಂದ ಕೊನೆಯವರೆಗೆ ಓದಬಹುದು. ತಿದ್ದಿ, ಕಂಪೈಲ್ ಮಾಡಿ, ಬೀರುವಿನ ಮೇಲಿಂದ ಇಳಿಸಿದ ಆ ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಸ್ಟೈಲ್ಡ್‌ಎಡಿಟ್ ತೆರೆದು, ಒತ್ತು ನ ಕೆಳಗಿಳಿಯಿತೋ ಇಲ್ಲವೋ ನೋಡಬಹುದು.